ಭಾನುವಾರಕ್ಕೆ ಸರಿಯಾಗಿ ಕೆಡುವ ಕಾರು

ಬಾನೆಟ್ಟಿನ ಸಾರ್ವಭೌಮರೂ, ಸ್ಪ್ಯಾನರ್‌ಧಾರಿಗಳೂ, ಗ್ರೀಸ್‌ಲೇಪಿತ ದಿವ್ಯಹಸ್ತರೂ ಆದ ಚಿಕ್ಕಪ್ಪನವರ ಸನ್ನಿಧಾನಕ್ಕೆ,

ತಮ್ಮ ಅಣ್ಣನ ಮಗಳು ಭಯಭಕ್ತಿಯಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನಗೆ ತಮ್ಮ ಮೇಲೆ ಬಲವಾದ ಅನುಮಾನ ಬಂದಿದೆ.

ತಾತನ ಹಳೇ ಕಾರು ಭಾನುವಾರ ಸಂಜೆ ನೀವು ಹೊರಡುವ ಹೊತ್ತಿಗೆ ಗುಡುಗುಟ್ಟುತ್ತ ಸ್ಟಾರ್ಟ್ ಆಗುತ್ತದೆ. ಶೆಡ್ಡಿಗೆ ಬೀಗ ಬೀಳುತ್ತದೆ. ಮುಂದಿನ ಭಾನುವಾರ ತೆಗೆದು ನೋಡಿದರೆ ಕೆಮ್ಮುತ್ತದೆ, ಸೀನುತ್ತದೆ, ಹೊರಡುವುದಿಲ್ಲ. ಕಳೆದ ವಾರ ಎರಡು ಪ್ಲಗ್ಗುಗಳ ವೈರುಗಳು ಅದಲುಬದಲಾಗಿದ್ದವು. ವೈರುಗಳಿಗೆ ಕಾಲಿಲ್ಲ. ಶೆಡ್ಡಿನ ಇನ್ನೊಂದು ಬೀಗದ ಕೈ ಇರುವುದು ತಮ್ಮ ಹತ್ತಿರ.

ಆಮೇಲೆ ಅಪ್ಪನ ಮೇಲೂ ಅನುಮಾನ ಬಂತು. ಆ ವೈರುಗಳು ಅವರ ಕಣ್ಣಿಗೆ ಬಿದ್ದದ್ದನ್ನು ನಾನೇ ನೋಡಿದೆ. ಆದರೂ, “ಇದೆಲ್ಲ ಕಾರ್ಬುರೇಟರ್ ಕಿತಾಪತಿ ಕಣೋ, ಪೂರ್ತಿ ಬಿಚ್ಚೋಣ” ಎಂದರು. ನೀವು, “ಬಿಚ್ಚೋಣ ಬಿಡಣ್ಣ, ಏನರ್ಜೆಂಟು?” ಎಂದಿರಿ. ಮನೆ ಪಾಲಾದ ಮೇಲೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಸಂಜೆಯವರೆಗೂ ಒಂದೇ ಬಾನೆಟ್ಟಿನಡಿ ತಲೆ ತೂರಿಸಿಕೊಂಡು ಒಬ್ಬರನ್ನೊಬ್ಬರು ಬೈದುಕೊಂಡು ನಕ್ಕಿರಿ.

ಕಾರು ಪೂರ್ತಿ ಸರಿಹೋದರೆ ನಮ್ಮ ಮನೆಗೆ ಬರಲು ತಮಗೆ ನೆಪವಿರುವುದಿಲ್ಲವೆಂದು ನನಗೂ ಗೊತ್ತು. ಆದ್ದರಿಂದ ಈ ವಾರ ದಯವಿಟ್ಟು ವೈರಿನ ತಂಟೆಗೆ ಹೋಗಬೇಡಿ. ಮತ್ತೆ ಅದೇ ಕೆಟ್ಟರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ. ಬ್ರೇಕನ್ನಂತೂ ಮುಟ್ಟಲೇಬೇಡಿ.

ಇತಿ,
ಶೆಡ್ಡಿನ ಗುಪ್ತಚರ ಇಲಾಖೆಯ ಏಕೈಕ ಅಧಿಕಾರಿಣಿ

ವಿ.ಸೂ.: ಈ ಭಾನುವಾರದ ಏರ್ಪಾಡು ಆಗಿದೆ. ಸೈಲೆನ್ಸರ್ ಒಳಗೆ ಹಳೇ ಟವೆಲ್ ತುರುಕಿದವಳು ನಾನೇ. ನಿಧಾನವಾಗಿ ಹುಡುಕಿ.