ಪರದೆ ಕಪ್ಪಾದರೆ ಕೈಕಟ್ಟಿ ಕೂರಿ

ರೀ,

ಸೀರೆಯ ಅಂಚಿನ ನಕ್ಷೆ ಬಿಡಿಸುವ ನಿಮ್ಮ ಸಾಫ್ಟ್‌ವೇರಿಗಾಗಿ ನಮ್ಮ ಕಂಪ್ಯೂಟರ್ ನಡೆಸುವ ಲಿನಕ್ಸಿನ ಒಳಗೇ ವಿಂಡೋಸ್ ಕೂರಿಸಿದ್ದೇನೆ. ಅದನ್ನು ಚಾಲೂ ಮಾಡಿದೊಡನೆ ಲಿನಕ್ಸ್ ಪರದೆಗೆ ಚಿತ್ರ ಕಳಿಸುವ ತನ್ನ ಗ್ರಾಫಿಕ್ಸ್ ಕಾರ್ಡನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಆಗ ಪರದೆ ಸ್ವಲ್ಪ ಹೊತ್ತು ಪೂರ್ತಿ ಕಪ್ಪಾಗುತ್ತದೆ. ಕೆಟ್ಟಿರುವುದಿಲ್ಲ. ಕೆಟ್ಟಿರುವುದಿಲ್ಲ ಅಂದುಕೊಂಡಿದ್ದೇನೆ.

ಸುಮ್ಮನೆ ಕಾಯಿರಿ. ಅತ್ತೆಯವರು ನಿನ್ನೆಯಂತೆ “ಇದರ ಜೀವಾ ಹೋಗೇತಿ, ಕರೆಂಟರೆ ಉಳೀಲಿ” ಎಂದು ಸ್ವಿಚ್ ಆರಿಸದಂತೆ ನೋಡಿಕೊಳ್ಳಿ. ಬೆಟಗೇರಿಯ ನೇಕಾರರಿಗೆ ಸಂಜೆ ಕೊಡಬೇಕಾದ ನಕ್ಷೆ ಅದರೊಳಗೇ ಇದೆ. ಅದು ಹಾಳಾದರೆ ಮತ್ತೆ ಅವರು ನಮ್ಮ ಬಾಗಿಲಿಗೆ ಬರುವುದಿಲ್ಲ.

“ನೀ ಬಾಜೂಕ ನಿಂತ್ರ ನನಗೂ ಎದಿ ಹೊಡಕೊಳ್ತೈತಿ, ತವರಮನಿಗೆ ಹೋಗಿ ಬಾ” ಎಂದಿರಿ. ಆಯಿತು, ಲಕ್ಷ್ಮೇಶ್ವರಕ್ಕೆ ಹೊರಟಿದ್ದೇನೆ. ಸದ್ಯ ಎದುರಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ವಿಂಡೋಸ್ ಬಂದೊಡನೆ ಕಿಟಕಿಯಿಂದ ಕೈಬೀಸಿ, ಬಸ್ಸು ಹತ್ತುತ್ತೇನೆ.

ಸ್ನೇಹಾ