ಏಳನೇ ಮನೆ ಖಾಲಿ ಇದೆ

ಭಾನುವಾರ, ತಿಂಡಿ ಮುಗಿದ ಮೇಲೆ

ನನ್ನ ಚೂಟಿಗೆ,

ಅಮ್ಮನಿಂದ ಒಂದು ಮುದ್ದು, ಜೊತೆಗೆ ಒಂದು ಗುದ್ದು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ವಾಕ್ಯ ಶುರು ಮಾಡಿದರೆ ನೀನೇ ಅದನ್ನು ಮುಗಿಸಿ, ಉತ್ತರವನ್ನೂ ಕೊಟ್ಟು, ಕೋಪವನ್ನೂ ಮಾಡಿಕೊಂಡು ಇಟ್ಟುಬಿಡುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ. ಪೂರ್ತಿ ಓದು, ಆಮೇಲೆ ಕೋಪ ಮಾಡಿಕೋ.

ಕನ್ನಡಕದ ಅಂಗಡಿಯ ಹುಡುಗನಿಗೆ ಮದುವೆ ಬೇಡ ಎಂದು ಹೇಳಿಬಿಟ್ಟೆ ಎಂದು ಬರೆದಿದ್ದೀಯ. ಕಾರಣ, ನಿನ್ನ ರೂಮಿನವಳ ಚಿಕ್ಕಮ್ಮ. ಅವರು ನಿನ್ನ ಜಾತಕ ನೋಡಿ, ಮದುವೆಗೆ ಸಂಬಂಧಿಸಿದ ಏಳನೇ ಮನೆಯಲ್ಲಿ ಶುಕ್ರ ಶನಿ ಒಟ್ಟಿಗೆ ಕೂತಿದ್ದಾರೆ, ಪ್ರೀತಿಗೆ ಬೀಗ ಬೀಳುತ್ತದೆ, ಸಂಸಾರ ತಣ್ಣಗಾಗುತ್ತದೆ ಎಂದರಂತೆ. ಅದಕ್ಕೆ ಹುಡುಗ ಏನೆಂದ ಎಂದು ನೀನು ಬರೆದಿಲ್ಲ. ಏನೂ ಅಂದಿರಲಾರ. ಅವನಿಗೆ ಒಂದು ಮಾತು ಆಡಲು ಅರ್ಧ ದಿನ ಬೇಕು.

ನಿಜ ಹೇಳಲಾ? ಓದಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಅವನು ಮನೆಗೆ ಬಂದಿದ್ದಾಗ, ನಾನು ನಮ್ಮ ಪ್ರೆಸ್ಸಿಗಾಗಿ ಆಗಷ್ಟೇ ಬರೆದಿದ್ದ ಮದುವೆ ಆಮಂತ್ರಣದ ಪದ್ಯ ಓದಿ ತೋರಿಸಿದ್ದೆ. ನೀನು ಚಪ್ಪಾಳೆ ತಟ್ಟಿದೆ. ಅವನು ಸೂರು ನೋಡುತ್ತಾ ಕೂತು, ಬಹಳ ಹೊತ್ತಿನ ಮೇಲೆ, "ಕೊನೇ ಸಾಲು ಸ್ವಲ್ಪ ಉದ್ದ ಆಯ್ತು, ಅಲ್ವಾ ಆಂಟಿ?" ಎಂದ. ಉದ್ದ ಆಗಿದ್ದು ನಿಜ. ನಿಜ ಆದದ್ದಕ್ಕೇ ಇಷ್ಟು ಸಿಟ್ಟು.

ಸಮಾಧಾನವೇನೋ ಆಯಿತು, ಆದರೆ ನೀನು ತಲೆಗೆ ಹುಳ ಬಿಟ್ಟೆಯಲ್ಲ. ಎರಡು ಗ್ರಹ ಅಕ್ಕಪಕ್ಕ ಕೂತರೆ ನಿಜಕ್ಕೂ ಏನಾಗುತ್ತದೆ? ಬಸ್ಸಿನಲ್ಲಿ ನಾನು ಎಂತೆಂಥವರ ಪಕ್ಕ ಕೂತಿದ್ದೇನೆ, ಕಾಲು ತುಳಿಸಿಕೊಂಡಿದ್ದು ಬಿಟ್ಟರೆ ಏನೂ ಆಗಿಲ್ಲ. ಪ್ರೆಸ್ಸಿನಲ್ಲಿ ಕೂತು ಎರಡು ಸಾಲು ಗೀಚಿದೆ:

ಶುಕ್ರ ತಂದ ಹೂವಿನ ಬುಟ್ಟಿ, ಶನಿ ತಂದ ಬೀಗ;
ಬುಟ್ಟಿ ಒಳಗೋ ಹೊರಗೋ ಎಂದು ಹೇಳಬೇಕು ಈಗ.

ನಮ್ಮ ಮಾಲೀಕರು ಹಿಂದಿನಿಂದ ಇಣುಕಿ ನೋಡಿ, "ಇದು ಯಾರ ಮದುವೆ ಪತ್ರಿಕೆಗಾದ್ರೂ ಹೋಗ್ಬಿಟ್ಟೀತು, ನೋಡ್ಕೊಳ್ಳಿ ಮೇಡಂ" ಎಂದು ಹೋದರು.

ಪ್ರೆಸ್ಸಿನಲ್ಲಿ ಈಗ ಪಂಚಾಂಗ ಅಚ್ಚಾಗುವ ಕಾಲ. ಅದನ್ನು ಬರೆಯುವ ಹಿರಿಯರು ಕರಡು ತಿದ್ದಲು ಬಂದು ನನ್ನ ಮೇಜಿನ ಎದುರಿಗೇ ಕೂರುತ್ತಾರೆ. ನಾವೆಲ್ಲ ಅವರನ್ನು ಪಂಚಾಂಗದಜ್ಜ ಎನ್ನುತ್ತೇವೆ. ನಿನ್ನ ಕುಂಡಲಿಯನ್ನು ಅವರ ಮುಂದೆ ಇಟ್ಟು, ನನ್ನ ಮಗಳದು, ಏಳನೇ ಮನೆಯಲ್ಲಿ ಶುಕ್ರ ಶನಿ ಯುತಿ ಅಷ್ಟು ಕೆಟ್ಟದ್ದಾ ಎಂದು ಕೇಳಿದೆ.

"ಯುತಿ ಅಂದ್ರೆ ಏನು ಅಂದ್ಕೊಂಡಿದ್ದೀಯಮ್ಮಾ? ಒಂದೇ ರಾಶೀಲಿ ಇಬ್ರು ಇರೋದು, ಅಷ್ಟೇ. ಒಳ್ಳೇದಾ ಕೆಟ್ಟದ್ದಾ ಅನ್ನೋಕೆ ಆ ರಾಶಿ ಯಾರದು, ಇಬ್ರಿಗೂ ಸ್ನೇಹ ಇದ್ಯಾ, ಎಲ್ಲಾ ನೋಡ್ಬೇಕು," ಎಂದರು.

ಶುಕ್ರನಿಗೆ ಸುಖ ಬೇಕು, ಸೊಗಸು ಬೇಕು. ಶನಿಗೆ ಶ್ರಮ ಬೇಕು, ಶಿಸ್ತು ಬೇಕು. ಆದರೂ ಇಬ್ಬರೂ ಮಿತ್ರರಂತೆ. ನಿನ್ನ ಕುಂಡಲಿಯಲ್ಲಿ ಅವರು ಇರುವುದು ತುಲಾ ರಾಶಿಯಲ್ಲಿ. ಅದು ಶುಕ್ರನ ಸ್ವಂತದ್ದು. ಶನಿಗೂ ಅಲ್ಲಿ ಉಚ್ಚ ಸ್ಥಾನ. "ಮನೆಯವನೂ ಖುಷಿಯಾಗಿದ್ದಾನೆ, ಬಂದವನಿಗೂ ಮರ್ಯಾದೆ ಸಿಕ್ಕಿದೆ. ಇದಕ್ಕೆ ಅಳೋದು ಯಾಕೆ?" ಎಂದವರು, ಕನ್ನಡಕ ಮೇಲೇರಿಸಿ ಮತ್ತೊಮ್ಮೆ ನೋಡಿ ನಕ್ಕರು. "ಅಲ್ಲಮ್ಮಾ, ಏಳನೇ ಮನೆ ಅಂದ್ಯಲ್ಲ, ಏಳರಲ್ಲಿ ಎಲ್ಲಿದ್ದಾರೆ? ಏಳು ಖಾಲಿ ಹೊಡೀತಿದೆ!"

ಆಗಿದ್ದು ಇಷ್ಟು. ಆ ಚಿಕ್ಕಮ್ಮನ ಕಡೆ, ಅಂದರೆ ಉತ್ತರದವರಲ್ಲಿ, ಕುಂಡಲಿ ಬರೆಯುವ ಕ್ರಮವೇ ಬೇರೆ. ಅವರಲ್ಲಿ ಮೇಲಿನ ನಡುವಿನ ಚೌಕ ಯಾವಾಗಲೂ ಒಂದನೇ ಮನೆ, ಅದಕ್ಕೆ ಎದುರಾಗಿ ಕೆಳಗಿರುವುದು ಏಳನೆಯದು. ನಮ್ಮಲ್ಲಿ ಹಾಗಲ್ಲ, ಲಗ್ನ ಎಂದು ಬರೆದ ಚೌಕದಿಂದ ಎಣಿಸಬೇಕು. ನಿನ್ನದು ಮಕರ ಲಗ್ನ, ಎಡಗಡೆ ಮೂಲೆಯ ಹತ್ತಿರ ಇದೆ. ಚಿಕ್ಕಮ್ಮ ತಮ್ಮ ಅಭ್ಯಾಸದಂತೆ ಮೇಲಿನಿಂದ ಎಣಿಸಿದ್ದಾರೆ, ಕೆಳಗೆ ಶುಕ್ರ ಶನಿ ಕಂಡಿದ್ದಾರೆ, ಹೌಹಾರಿದ್ದಾರೆ. ಸರಿಯಾಗಿ ಎಣಿಸಿದರೆ ಆ ಜೋಡಿ ಕೂತಿರುವುದು ಹತ್ತನೆಯದರಲ್ಲಿ. ಅದು ಕೆಲಸದ ಮನೆ. ಬಟ್ಟೆ ಗಿರಣಿಯಲ್ಲಿ ಹೂ ಬಳ್ಳಿ ವಿನ್ಯಾಸ ಬರೆಯುವ ನಿನ್ನ ಕೆಲಸವೇ ನೋಡು, ಅಂದಕ್ಕೆ ಅಂದ, ಕತ್ತೆ ದುಡಿತಕ್ಕೆ ಕತ್ತೆ ದುಡಿತ.

ಏಳು ಖಾಲಿ ಎಂದರೆ ಏನರ್ಥ ಎಂದು ಹೆದರಿಕೊಂಡೇ ಕೇಳಿದೆ. "ಗ್ರಹ ಇಲ್ಲ ಅಂದ್ರೆ ಗಲಾಟೆ ಇಲ್ಲ. ಅದರ ಯಜಮಾನ ಚಂದ್ರ, ಅವನು ಬೇರೆ ಕಡೆ ಚೆನ್ನಾಗೇ ಇದ್ದಾನೆ. ಖಾಲಿ ಮನೇಲಿ ಮನುಷ್ಯರು ಹೋಗಿ ಸಂಸಾರ ಮಾಡ್ಬೇಕು," ಎಂದು ಮತ್ತೆ ಕರಡು ತಿದ್ದಲು ತಲೆ ಬಗ್ಗಿಸಿದರು.

ಇದನ್ನು ಆವತ್ತೇ ನಿನಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ಸುಮ್ಮನಿದ್ದುಬಿಟ್ಟಿದ್ದರೆ ಆ ಚಿಕ್ಕಮ್ಮನ ತಪ್ಪೇ ನನ್ನ ಇಷ್ಟ ನಡೆಸಿಕೊಡುತ್ತಿತ್ತು, ನಾನು ಕೆಟ್ಟವಳೂ ಆಗುತ್ತಿರಲಿಲ್ಲ. ಊಟಕ್ಕೆ ಕೂತಾಗ ನಿನ್ನಪ್ಪನಿಗೆ ಮಾತ್ರ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, "ಹುಡುಗ ಮಾತು ಕಮ್ಮಿ, ನಿಜ. ಈ ಮನೇಲಿ ನೀವಿಬ್ರೂ ಮಾತಾಡೋರೇ. ಕೇಳೋಕೆ ನಾನೊಬ್ಬ ಎಷ್ಟು ದಿನ ಅಂತ ಸಾಕಾಗ್ತೀನಿ?" ಎಂದರು. ನಗಬಾರದು ಎಂದುಕೊಂಡೂ ನಕ್ಕುಬಿಟ್ಟೆ. ನಕ್ಕ ಮೇಲೆ ಸುಮ್ಮನಿರುವುದು ಕಷ್ಟ.

ಅವನನ್ನು ಒಪ್ಪಿಕೋ ಎಂದು ನಾನು ಹೇಳುತ್ತಿಲ್ಲ. ಬೇಡ ಎನ್ನುವುದಾದರೆ ಅವನು ಹೀಗೆ, ಅವನು ಹಾಗೆ, ಅದಕ್ಕೇ ಬೇಡ ಎಂದು ನಿನ್ನ ಬಾಯಿಂದಲೇ ಹೇಳು. ಪಾಪ, ಹತ್ತನೇ ಮನೆಯಲ್ಲಿ ಮೈಮುರಿದು ದುಡಿಯುತ್ತಿರುವ ಇಬ್ಬರನ್ನು ಎಳೆದು ತಂದು ಅವನ ಮುಂದೆ ನಿಲ್ಲಿಸಬೇಡ. ನನಗೆ ಇಷ್ಟವಿಲ್ಲ ಎಂದು ಊಹಿಸಿಕೊಂಡು ನೀನು ಬೇಡ ಎಂದಿದ್ದರೆ, ಅದು ಇನ್ನೂ ತಪ್ಪು. ನನ್ನ ತಕರಾರೆಲ್ಲ ಒಂದು ಸಾಲಿನ ಮೇಲೆ. ಅದನ್ನು ಮೊಟಕು ಮಾಡಿದ್ದೇನೆ, ಈಗ ಚೆನ್ನಾಗಿದೆ.

ಹೊತ್ತಿಗೆ ಸರಿಯಾಗಿ ತಿನ್ನು. ಕಣ್ಣು ಕೆಂಪಾಗುವಷ್ಟು ಅಳಬೇಡ, ಮರುದಿನ ಗಿರಣಿಯಲ್ಲಿ ಬಣ್ಣ ಎಡವಟ್ಟಾಗುತ್ತದೆ.

ಇಂತಿ,
ಪ್ರಾಸ ಸಿಕ್ಕರೆ ಹಸಿವು ಮರೆಯುವ,
ನಿನ್ನ ಅಮ್ಮ

ತಾ. ಕ.: ಮೇಲೆ ಒಂದು ವಿಷಯ ಬೇಕೆಂದೇ ಬಿಟ್ಟಿದ್ದೇನೆ. ಹತ್ತರಲ್ಲಿ ಕೂತ ಆ ಜೋಡಿ ನೇರ ಎದುರಿನ ನಾಲ್ಕನೇ ಮನೆಯನ್ನು ನೋಡುತ್ತದಂತೆ. ನಾಲ್ಕು ಯಾರದು ಎಂದು ಕೇಳಿದೆ. "ತಾಯೀದು" ಎಂದರು ಅಜ್ಜ. ಶುಕ್ರ ನೋಡುವುದರಿಂದ ತಾಯಿಗೆ ಮಮತೆ ಜಾಸ್ತಿ, ಶನಿ ನೋಡುವುದರಿಂದ ತಾಯಿ ಸ್ವಲ್ಪ ದೂರ ನಿಂತರೆ ಕ್ಷೇಮ. ನಿನ್ನೆ ಸಂಜೆ, ಎಲ್ಲವನ್ನೂ ನಾನೇ ಸರಿ ಮಾಡಿಬಿಡುತ್ತೇನೆ ಎಂದು ಕನ್ನಡಕದ ಅಂಗಡಿಯವರೆಗೂ ಹೋಗಿದ್ದೆ. ಗಾಜಿನ ಬಾಗಿಲಿನಾಚೆ ಅವನು ಯಾರದೋ ಕನ್ನಡಕ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ. ಕೈ ಹಿಂದಕ್ಕೆ ತೆಗೆದುಕೊಂಡು ವಾಪಸು ಬಂದೆ. ಅಂಗಡಿಯ ಫೋನ್ ನಂಬರ್ ಬದಲಾಗಿಲ್ಲ, ಬೋರ್ಡಿನ ಮೇಲೆ ನೋಡಿದೆ.