ಬೋಲ್ಟು ಬಿಚ್ಚಿದರೆ ಎದ್ದು ಬರುವ ಮನೆ: ಕಟ್ಟಡ ಅನುಮತಿ ಅಧಿಕಾರಿಗಳ ಗಮನಕ್ಕೆ

ಮಾನ್ಯರೇ,

ಬರುವ ತಿಂಗಳ ಮೊದಲ ಸೋಮವಾರ ನನ್ನ ಅಕ್ಕನ ಮನೆ ಕೆಡವಲು ನಿಮ್ಮ ಯಂತ್ರ ಬರುತ್ತದಂತೆ. ಆ ಯಂತ್ರದ ಬಾಡಿಗೆ, ಅದನ್ನು ಓಡಿಸುವವನ ಕೂಲಿ, ಕೆಡವಿದ್ದನ್ನು ಸಾಗಿಸುವ ಲಾರಿಯ ಖರ್ಚು, ಎಲ್ಲವನ್ನೂ ನಾವೇ ಕೊಡಬೇಕಂತೆ. ಕಟ್ಟುವಾಗ ಹಿಂಡಿದ್ದು ಸಾಲದೆ ಕೆಡವುವುದಕ್ಕೂ ನಮ್ಮ ಜೇಬಿಗೇ ಕೈ ಹಾಕುವ ನಿಮ್ಮ ಕಚೇರಿಯ ಧೈರ್ಯವನ್ನು ಮೆಚ್ಚಲೇಬೇಕು. ಇದುವರೆಗೆ ಲಕೋಟೆ ಅಂಟಿಸಿ ಬರೆಯುತ್ತಿದ್ದೆ, ನೀವು ಓದಲಿಲ್ಲ. ಈಗ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನಾವು ಯಾರು ಎಂದು ನಿಮಗೆ ನೆನಪಿರಲಾರದು. ನಾನು ಬಟ್ಟೆ ಹೊಲಿಯುವವಳು. ನನ್ನ ಗಂಡ ನಾಟಕಗಳಿಗೆ ರಂಗಸಜ್ಜಿಕೆ ಕಟ್ಟುವ ಬಡಗಿ. ಅಕ್ಕ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವಳು. ಕೆಲಸಕ್ಕೆ ಹೋಗುವಾಗ ಬಸ್ಸು ಗುದ್ದಿ ಅವಳ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ನಾವಿದ್ದದ್ದು ಮೂರನೇ ಮಹಡಿಯ ಬಾಡಿಗೆ ಮನೆ. ಮೆಟ್ಟಿಲು ಎಷ್ಟು ಕಿರಿದೆಂದರೆ ಗಾಲಿಕುರ್ಚಿಯನ್ನು ಮಡಚಿ ತಲೆಯ ಮೇಲೆ ಹೊರಬೇಕಿತ್ತು, ಅಕ್ಕನನ್ನು ನನ್ನ ಗಂಡ ಬೆನ್ನ ಮೇಲೆ ಹೊರುತ್ತಿದ್ದರು. ಹಾಗೆ ಹೊರಿಸಿಕೊಳ್ಳುವುದು ಅವಳಿಗೆ ಹಿಡಿಸುತ್ತಿರಲಿಲ್ಲ, ಡಾಕ್ಟರ ಹತ್ತಿರ ಹೋಗುವುದಿದ್ದರೆ ಮಾತ್ರ ಒಪ್ಪುತ್ತಿದ್ದಳು. ಉಳಿದ ದಿನವೆಲ್ಲ ಕಿಟಕಿ. ಎದುರು ಮನೆಯವರು ಒಗೆದು ಹಾಕಿದ ಬಟ್ಟೆ ನೋಡಿ ಅವರ ಮನೆಗೆ ಯಾರು ನೆಂಟರು ಬಂದಿದ್ದಾರೆ ಎಂದು ಹೇಳುವಷ್ಟು ಕಿಟಕಿ.

ಅಪಘಾತದ ಪರಿಹಾರದಲ್ಲಿ ಅವಳು ಊರಾಚೆ ಒಂದು ತುಂಡು ಜಮೀನು ತೆಗೆದುಕೊಂಡಳು. ಅಲ್ಲಿ ಕೊಟ್ಟಿಗೆಯ ಹಾಗೆ ಒಂದು ಮನೆ ಸಾಕು ಎಂದಳು. ಒಂದೇ ದೊಡ್ಡ ಕೋಣೆ, ನಡುವೆ ಗೋಡೆಗಳಿಲ್ಲ, ಎತ್ತರದ ತಗಡಿನ ಸೂರು, ಪಕ್ಕಕ್ಕೆ ಜಾರುವ ಅಗಲವಾದ ಬಾಗಿಲು. ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ, ಬಾಗಿಲಿನಿಂದ ಅಂಗಳಕ್ಕೆ ಇಳಿಜಾರಿನ ಹಲಗೆ. ದನಕ್ಕೆ ಅನುಕೂಲವಾದದ್ದು ಗಾಲಿಕುರ್ಚಿಗೂ ಅನುಕೂಲ. "ದನ ಹೊಸ್ತಿಲು ಎಡವಬಾರದು ಅಂತ ಜನ ಯೋಚನೆ ಮಾಡ್ತಾರೆ ಕಣೇ, ನಾನು ಆ ಲೆಕ್ಕದಲ್ಲೇ ಬರ್ತೀನಿ ಬಿಡು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಇನ್ನು ಖರ್ಚಿನ ಮಾತು. ಹಳೇ ರಂಗಮಂದಿರ ಬಿಚ್ಚಿದಾಗ ಸಿಕ್ಕ ಮರ, ಗೋದಾಮಿನಿಂದ ತಂದ ತಗಡು, ನನ್ನ ಗಂಡ ಮತ್ತು ಅವರ ಜೊತೆಗಾರರ ದುಡಿಮೆ, ಇಷ್ಟರಲ್ಲಿ ಮನೆ ಎದ್ದಿತು. ಆದರೆ ಅದನ್ನು ಮನೆ ಎಂದು ಕರೆಸಿಕೊಳ್ಳಲು ನೀವು ಕೇಳಿದ್ದು ಆ ಮರ, ತಗಡು, ಕೂಲಿ ಎಲ್ಲ ಸೇರಿದ್ದಕ್ಕಿಂತ ಹೆಚ್ಚು. ನಕ್ಷೆ ನೋಡುವುದಕ್ಕೆ ಶುಲ್ಕ. ಭೂಬಳಕೆ ಬದಲಾವಣೆಗೆ ಶುಲ್ಕ, ಅದನ್ನು ನನ್ನ ಎರಡನೇ ಹೊಲಿಗೆ ಯಂತ್ರ ಮಾರಿ ಕಟ್ಟಿದೆ. ಚರಂಡಿ ಶುಲ್ಕ, ಚರಂಡಿ ಎಲ್ಲಿದೆ ಎಂದು ಕೇಳಿದರೆ ಮುಂದೆ ಬರುತ್ತದಂತೆ. ಬೀದಿದೀಪದ ಶುಲ್ಕ, ಬೀದಿಯೇ ಇಲ್ಲದ ಕಡೆ. ಅಭಿವೃದ್ಧಿ ಶುಲ್ಕ ಎಂದೂ ಒಂದಿತ್ತು. ಯಾರ ಅಭಿವೃದ್ಧಿ ಎಂದು ಕೇಳುವಷ್ಟು ಒರಟಳಲ್ಲ ನಾನು. ಹಲ್ಲು ಕಚ್ಚಿಕೊಂಡು ಎಲ್ಲ ಕಟ್ಟಿದೆ. ಮನೆ ಕಟ್ಟಿ ಮುಗಿಸಿ, ಆಮೇಲೆ ಬಂದು ನೋಡುತ್ತೇವೆ ಎಂದವರು ನಿಮ್ಮವರೇ.

ಅಲ್ಲಿಗೆ ಹೋದ ಮೊದಲ ದಿನ ನಾನು ಪಾತ್ರೆ ಜೋಡಿಸುತ್ತಿದ್ದೆ. ತಿರುಗಿ ನೋಡಿದರೆ ಕುರ್ಚಿಯೂ ಇಲ್ಲ, ಅಕ್ಕನೂ ಇಲ್ಲ. ಓಡಿ ಹೋಗಿ ನೋಡಿದರೆ ಬೇಲಿಯ ಹತ್ತಿರ ಪಕ್ಕದ ಜಮೀನಿನ ಹೆಂಗಸಿನೊಡನೆ ಮಾತಾಡುತ್ತ ಕೂತಿದ್ದಳು.

"ಎಲ್ಲಿಗೆ ಹೋಗಿದ್ದೆ? ಹೇಳಿ ಹೋಗೋದಲ್ವಾ?"

"ಹೊರಗೆ ಬಂದೆ."

"ಹೊರಗೆ ಅಂದ್ರೆ?"

"ಹೊರಗೆ ಅಂದ್ರೆ ಹೊರಗೆ ಕಣೇ. ಅದಕ್ಕೂ ನಿನ್ನ ಕೇಳ್ಬೇಕಾ?"

ನಾನು ಒಳಗೆ ಬಂದು ಪಾತ್ರೆಗಳ ಮುಂದೆ ಕೂತು ಅತ್ತೆ. ಸಂತೋಷಕ್ಕೆ ಅತ್ತೆ ಎಂದು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ನಿಮ್ಮ ಕಚೇರಿಯಲ್ಲಿ ಬೇರೆ ಅರ್ಥ ಮಾಡಿಕೊಂಡಾರು.

ಆಮೇಲೆ ನಿಮ್ಮ ಇನ್‌ಸ್ಪೆಕ್ಟರ್ ಬಂದರು. ಮರ್ಯಾದಸ್ಥರು, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ಕಂಬ ತಟ್ಟಿ ನೋಡಿದರು, ಮೊಳೆ ಹುಡುಕಿದರು, ಒಂದೂ ಸಿಗಲಿಲ್ಲ. ಇಲ್ಲಿ ನನ್ನ ಗಂಡನ ಸುದ್ದಿ ಹೇಳಬೇಕು. ಜೀವನವಿಡೀ ಅವರು ಕಟ್ಟಿದ್ದೆಲ್ಲ ನಾಟಕ ಮುಗಿದ ಮೇಲೆ ಬಿಚ್ಚಿ ಲಾರಿಗೆ ಏರಿಸುವಂಥದ್ದು. ಮೊಳೆ ಹೊಡೆದರೆ ಮರಕ್ಕೆ ಅವಮಾನ ಎನ್ನುವ ಆಸಾಮಿ. ನಮ್ಮ ಮಂಚ, ಅಡುಗೆ ಕಟ್ಟೆ, ಮನೆ, ಎಲ್ಲವೂ ನಟ್ಟು ಬೋಲ್ಟಿನವು. ಮನೆ ನಿಂತಿರುವುದು ಕಲ್ಲುಗಳ ಮೇಲೆ.

"ಗಟ್ಟಿ ಇದೆಯೇನ್ರಿ ಇದು?" ಎಂದರು ಇನ್‌ಸ್ಪೆಕ್ಟರ್.

"ಆನೆ ಗುದ್ದಿದ್ರೂ ಅಲ್ಲಾಡಲ್ಲ ಸಾರ್. ಆದ್ರೆ ಬೇಕು ಅಂದಾಗ ಹೂವಿನ ಹಾಗೆ ಬಿಚ್ಚುತ್ತೆ. ನೋಡ್ತೀರಾ?"

ನಾನು ಕಣ್ಣಲ್ಲೇ ಬೇಡ ಎಂದೆ. ಅಕ್ಕ ಕೆಮ್ಮಿದಳು. ಯಾರು ಕೇಳಬೇಕು? ಸ್ಪ್ಯಾನರ್ ಹಿಡಿದು, ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಟೀ ಆರುವ ಮೊದಲೇ ಹಿಂದಿನ ಗೋಡೆಯನ್ನು ಇಡಿಯಾಗಿ ಕಳಚಿ ಅಂಗಳದಲ್ಲಿ ಒರಗಿಸಿಟ್ಟರು. ಮತ್ತೆ ಜೋಡಿಸಿಯೂ ತೋರಿಸಿದರು. ಇನ್‌ಸ್ಪೆಕ್ಟರ್ ಚಪ್ಪಾಳೆ ತಟ್ಟುವುದೊಂದು ಬಾಕಿ. ಕಚೇರಿಗೆ ಹೋಗಿ ಬರೆದರು: ಬಿಚ್ಚಬಹುದಾದ ತಾತ್ಕಾಲಿಕ ರಚನೆ, ವಾಸಕ್ಕೆ ಯೋಗ್ಯವಲ್ಲ. ಹೆಮ್ಮೆಯಿಂದ ಗೋಡೆ ಬಿಚ್ಚಿ ಮನೆ ಕಳೆದುಕೊಂಡವರು ಜಗತ್ತಿನಲ್ಲಿ ನನ್ನ ಗಂಡ ಒಬ್ಬರೇ ಇರಬೇಕು. ಅಂದಿನಿಂದ ಅವರು ಸರಿಯಾಗಿ ಊಟ ಮಾಡಿಲ್ಲ.

ಶಾಶ್ವತ ಮನೆಯಾಗಲು ಏನು ಮಾಡಬೇಕು ಎಂದು ಕೇಳಿದೆ. ಕಾಂಕ್ರೀಟಿನ ಅಡಿಪಾಯ, ಕಾಂಕ್ರೀಟಿನ ಕಂಬ ಎಂದಿರಿ. ಅದರ ಖರ್ಚಿನಲ್ಲಿ ಇಂಥ ಎರಡು ಮನೆ ಏಳುತ್ತವೆ. ಸರಿ, ತಾತ್ಕಾಲಿಕವೇ ಇರಲಿ ಎಂದರೆ ತಾತ್ಕಾಲಿಕಕ್ಕೆ ವಿದ್ಯುತ್ ಇಲ್ಲ, ನೀರಿಲ್ಲ. ಹಾಗಾದರೆ ಕಟ್ಟಿದ ಶುಲ್ಕ ವಾಪಸು ಕೊಡಿ ಎಂದರೆ, ಶುಲ್ಕ ಶಾಶ್ವತವಂತೆ! ನಿಮ್ಮದೇ ಕಂದಾಯ ವಿಭಾಗ ಈ ತಾತ್ಕಾಲಿಕ ರಚನೆಗೆ ಶಾಶ್ವತ ಮನೆಯ ತೆರಿಗೆ ಹಾಕಿದೆ. ನಾವು ಕೊಡುವಾಗ ಅದು ಮನೆ, ನಾವು ಕೇಳುವಾಗ ಅದು ಕೊಟ್ಟಿಗೆ. ಇದು ಯಾವ ಸೀಮೆಯ ನ್ಯಾಯ ಮಾನ್ಯರೇ?

ಮೇಲ್ಮನವಿ ಹಾಕಿದೆವು. ವಿಚಾರಣೆಗೆ ಕರೆದಿರಿ, ನಿಮ್ಮ ಕಚೇರಿಯ ಎರಡನೇ ಮಹಡಿಗೆ. ಲಿಫ್ಟು ಇಲ್ಲ. ಅಕ್ಕ ತನ್ನ ಒಳ್ಳೆಯ ಸೀರೆ ಉಟ್ಟು, ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿಕೊಂಡು ಕಾದಳು. ನನ್ನ ಗಂಡ ಬೆನ್ನು ಬಗ್ಗಿಸಿದರು. "ಬೇಡಪ್ಪ, ಸಾಕು" ಎಂದಳು. "ಮನೆ ಕೇಳೋಕೆ ಮೂಟೆ ಥರ ಹೋಗಲ್ಲ." ನಾನು ಮೇಲೆ ಬಂದು ನಿಮ್ಮನ್ನು ಕೇಳಿಕೊಂಡೆ. ನೆನಪಿದೆಯೇ?

"ಜಮೀನು ಯಾರ ಹೆಸರಲ್ಲಿದೆಯೋ ಅವರೇ ಬರ್ಬೇಕಮ್ಮ."

"ಬಂದಿದಾರೆ ಸಾರ್, ಕೆಳಗೇ ಇದಾರೆ. ಒಂದು ನಿಮಿಷ ನೀವೇ ಇಳಿದು ಬಂದ್ರೆ..."

"ಕೆಳಗಿದ್ರೆ ಹಾಜರಿ ಹೇಗಾಗುತ್ತೆ?"

ಆದೇಶದಲ್ಲಿ ಬರೆದಿರಿ: ಮನವಿದಾರರು ಖುದ್ದು ಹಾಜರಾಗದ ಕಾರಣ ವಜಾ, ರಚನೆಯನ್ನು ಕೆಡವತಕ್ಕದ್ದು. ಅಕ್ಕ ಅದನ್ನು ಓದಿ, ಹಳೇ ಅಭ್ಯಾಸದಂತೆ ಪೆನ್ಸಿಲು ಕೇಳಿದಳು. ಆಮೇಲೆ ಬೇಡ ಎಂದು ವಾಪಸು ಕೊಟ್ಟಳು. ಅವಳು ಏನನ್ನಾದರೂ ತಿದ್ದದೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಸಿಟ್ಟು ನೆತ್ತಿಗೇರಿದ್ದು ಆಗಲೇ. ಅವಳನ್ನು ಮತ್ತೆ ಆ ಮೂರನೇ ಮಹಡಿಗೆ ಕಳಿಸಲು ನಾನು ತಯಾರಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಸೋಮವಾರದೊಳಗೆ ಅಕ್ಕನ ವಿಚಾರಣೆಯನ್ನು ನೆಲಮಟ್ಟದಲ್ಲಿ, ಅವಳ ಎದುರಿಗೆ ಕೂತು ನಡೆಸಿ. ನಾವು ತೆತ್ತ ಶುಲ್ಕವನ್ನೇ ಸಾಕ್ಷಿಯಾಗಿ ಹಿಡಿದು ಅದನ್ನು ಮನೆ ಎಂದು ಒಪ್ಪಿಕೊಳ್ಳಿ. ಆಗದು ಎನ್ನುವುದಾದರೆ ನಿಮ್ಮ ಯಂತ್ರ ಕಳಿಸುವ ತೊಂದರೆ ಬೇಡ. ನನ್ನ ಗಂಡ ಸ್ಪ್ಯಾನರ್‌ಗಳಿಗೆ ಎಣ್ಣೆ ಹಾಕಿಟ್ಟಿದ್ದಾರೆ. ಭಾನುವಾರ ಒಂದೇ ಹಗಲಿನಲ್ಲಿ ಮನೆ ಬಿಚ್ಚಿ ಲಾರಿಗೆ ಏರಿಸುತ್ತಾರೆ.

ಇಳಿಸುವುದು ನಿಮ್ಮ ಕಚೇರಿಯ ಎದುರಿನ ಬಯಲಿನಲ್ಲಿ. ಆ ಜಾಗ ಅವರಿಗೆ ಚೆನ್ನಾಗಿ ಗೊತ್ತು, ನಿಮ್ಮ ಸಮಾರಂಭಗಳಿಗೆಲ್ಲ ಅಲ್ಲಿ ವೇದಿಕೆ ಕಟ್ಟಿದವರು ಅವರೇ. ತಾತ್ಕಾಲಿಕ ರಚನೆಗೆ ಆ ಬಯಲಿನಲ್ಲಿ ಹದಿನೈದು ದಿನ ಯಾವ ಅನುಮತಿಯೂ ಬೇಡ ಎಂಬ ನಿಯಮ ಆಗಲೇ ಅವರಿಗೆ ಬಾಯಿಪಾಠವಾಗಿದೆ. ನಮ್ಮದು ತಾತ್ಕಾಲಿಕ ರಚನೆ ಎಂದು ನಿಮ್ಮ ರುಜು, ಮೊಹರು ಎರಡೂ ನಮ್ಮ ಹತ್ತಿರ ಇವೆ. ಹದಿನೈದು ದಿನ ಕಳೆದ ಮೇಲೆ ನಾಲ್ಕು ಹೆಜ್ಜೆ ಆಚೆ ಸರಿಸಿ ಮತ್ತೆ ಕಟ್ಟುತ್ತೇವೆ. ನಮಗೇನೂ ಅವಸರವಿಲ್ಲ.

ಬಾಗಿಲು ನಿಮ್ಮ ಮೆಟ್ಟಿಲುಗಳ ಕಡೆಗೇ ಇರುತ್ತದೆ. ಅಕ್ಕ ಅದೇ ಸೀರೆ ಉಟ್ಟು ಬಾಗಿಲಲ್ಲಿ ಕೂತಿರುತ್ತಾಳೆ, ಖುದ್ದು ಹಾಜರು. ಇನ್ನು ನೀವು ಇಳಿದು ಬರುವುದಷ್ಟೇ ಬಾಕಿ. ಹೊಸ್ತಿಲಿಲ್ಲ ಮಾನ್ಯರೇ, ಎಡವುವ ಭಯವಿಲ್ಲದೆ ಬನ್ನಿ.

ಇಂತಿ,
ತೆರಿಗೆ ಕಟ್ಟುವಾಗ ಮಾತ್ರ ಮನೆಯುಳ್ಳವಳು,
ತಮ್ಮ ಮುಂದಿನ ಎದುರುಮನೆಯಾಕೆ